ಕೋಸ್ಟಾರಿಕಾದಲ್ಲಿ ತೋಟ ಮಾಡಲು ಹೊರಟವರಿಗೆ: ಮೊದಲು ನೀರು, ಆಮೇಲೆ ಜಮೀನು

ಮಲೆನಾಡಿನವರೋ ಕೊಡಗಿನವರೋ ಮೊದಲ ಸಲ ಕೋಸ್ಟಾರಿಕಾದ ತುರ್ರಿಯಾಲ್ಬಾ ಕಡೆ ಬಂದರೆ "ಅಯ್ಯೋ, ಇದು ನಮ್ಮೂರೇ ಅಲ್ವಾ!" ಅನ್ನುತ್ತಾರೆ. ಹಾಗನ್ನಿಸುವುದು ಸಹಜ. ಇಳಿಜಾರಿನಲ್ಲಿ ಕಾಫಿ, ಅದಕ್ಕೆ ಹಾಲುವಾಣದ ಜಾತಿಯ ಮರದ ನೆರಳು, ತೋಟದಂಚಿಗೆ ಬಾಳೆ, ಹಳ್ಳದ ಪಕ್ಕ ಕೆಸು. ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ ಕೂಡ ಇಲ್ಲಿದೆ, ತ್ರಾಪಿಚೆ ಅನ್ನುತ್ತಾರೆ. ಕೊಡಗು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಇದು 10 ಡಿಗ್ರಿಯ ಹತ್ತಿರ. ಬಿಸಿಲು, ಮಣ್ಣು, ಹಸಿರು ಎಲ್ಲ ಕಂಡು ಗೊತ್ತಿರುವಂಥದ್ದೇ.

ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಪರಿಚಿತ ಅನ್ನಿಸಿದ ಜಾಗದಲ್ಲಿ ನಾವು ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತೇವೆ. ಮಳೆ ಯಾವಾಗ, ಒರತೆ ಯಾರದು, ಮರ ಕಡಿಯಬಹುದಾ, ಹಣ್ಣು ಯಾರಿಗೆ ಕೊಡುವುದು? ಎಲ್ಲದಕ್ಕೂ ಊರಿನ ಉತ್ತರ ತಲೆಯಲ್ಲಿ ಸಿದ್ಧವಾಗಿರುತ್ತದೆ. ಅದರಲ್ಲಿ ಅರ್ಧಕ್ಕರ್ಧ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಬೆಂಗಳೂರಿನಿಂದ ಬರುವವರಾಗಲಿ, ಅಮೆರಿಕದ ಕೆಲಸ ಬಿಟ್ಟು ಬರುವವರಾಗಲಿ, ನಾನು ಹೇಳುವ ಕ್ರಮ ಒಂದೇ. ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆ ಮನೆಯಲ್ಲಿ ಕಳೆಯಿರಿ. ನೀರು ನೋಡಿ. ಆಮೇಲೆ ಜಮೀನು. ಮನೆ ಕಟ್ಟುವುದು ಕೊನೆಗೆ.

ಹಂತ 1: ಮಳೆ ನೋಡಿ ಊರು ಆರಿಸಿ

ಕೋಸ್ಟಾರಿಕಾ 51,100 ಚದರ ಕಿಲೋಮೀಟರ್ ದೇಶ, ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಇಷ್ಟು ಚಿಕ್ಕ ದೇಶದ ನಡುವೆ ಉದ್ದಕ್ಕೂ ಬೆಟ್ಟದ ಸಾಲು. ಒಂದು ಪಕ್ಕ ಪೆಸಿಫಿಕ್ ಸಾಗರ, ಇನ್ನೊಂದು ಪಕ್ಕ ಕೆರಿಬಿಯನ್ ಸಮುದ್ರ. ಎರಡೂ ಕಡೆಯ ಮಳೆಗೆ ಹೊಂದಾಣಿಕೆಯೇ ಇಲ್ಲ.

ಪೆಸಿಫಿಕ್ ಕಡೆ ಮಳೆ ಮೇ ತಿಂಗಳಿಂದ ನವೆಂಬರ್‌ವರೆಗೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ. ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಊರಲ್ಲಿ ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಇಲ್ಲಿ ಹಳ್ಳಗಳು ತುಂಬಿರುತ್ತವೆ. ಕೆರಿಬಿಯನ್ ಕಡೆ ನಿಜವಾದ ಬೇಸಿಗೆ ಅಂತ ಇಲ್ಲ. ವರ್ಷವಿಡೀ ಮಳೆ, ಆದರೆ ಅದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸ್ವಲ್ಪ ಬಿಡುವು. ಡಿಸೆಂಬರ್‌ನಲ್ಲಿ ಮತ್ತೆ ಜೋರು.

ಮಳೆ ಬೀಳುವ ರೀತಿಯೂ ಬೇರೆ. ಆಷಾಢದ ಮಳೆಯ ಹಾಗೆ ದಿನಗಟ್ಟಲೆ ಜಿಟಿಜಿಟಿ ಹಿಡಿಯುವುದು ಪೆಸಿಫಿಕ್ ಕಡೆ ಕಡಿಮೆ. ಬೆಳಿಗ್ಗೆ ಚೆನ್ನಾಗಿ ಬಿಸಿಲು, ಮಧ್ಯಾಹ್ನದ ಮೇಲೆ ಸುರಿತ. ಅದಕ್ಕೇ ಇಲ್ಲಿಯ ತೋಟದ ಕೆಲಸ ಬೆಳಕು ಹರಿಯುವಾಗಲೇ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತದೆ. ಹತ್ತು ಗಂಟೆಗೆ ಕತ್ತಿ ಹಿಡಿದು ಹೊರಟರೆ ನಿಮಗೆ ಉಳಿಯುವುದು ಎರಡು ಗಂಟೆ ಕೆಲಸ.

ಊರುಗಳ ವಿಷಯಕ್ಕೆ ಬಂದರೆ, ಗ್ವಾನಕಾಸ್ತೆ ಬಿಸಿಲ ನಾಡು. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿ ಹಳದಿಯಾಗುತ್ತದೆ, ನೀರಿನದೇ ಚಿಂತೆ. ತರ್ರಾಸು ಕಡೆ 1,200 ಮೀಟರ್‌ಗಿಂತ ಮೇಲೆ, ಒಳ್ಳೆಯ ಅರೇಬಿಕಾ ಕಾಫಿಯ ಜಾಗ, ಜಮೀನಿನ ಬೆಲೆಯೂ ಹಾಗೇ ಇದೆ. ಸಾನ್ ಕಾರ್ಲೋಸ್ ಹಾಲು, ಹಸು, ಹುಲ್ಲುಗಾವಲಿನ ಸೀಮೆ. ಪೆರೆಸ್ ಸೆಲೆದೋನ್‌ನಲ್ಲಿ ಕೆಂಪು ಹುಳಿ ಮಣ್ಣು, ಸುಣ್ಣ ಹಾಕದೆ ಕೆಲಸ ನಡೆಯುವುದಿಲ್ಲ. ಮಲೆನಾಡಿನವರಿಗೆ ಇದು ಗೊತ್ತಿರುವ ಪಾಠ. ತುರ್ರಿಯಾಲ್ಬಾ ಕಾಫಿ, ಕಬ್ಬು, ಬಾಳೆ ಎಲ್ಲ ಬೆಳೆಯುವ ಊರು, ಮಳೆ ಜಾಸ್ತಿ. ಕಾಟಿಯೆ ಎಂಬ ದೊಡ್ಡ ಕೃಷಿ ಸಂಶೋಧನಾ ಕೇಂದ್ರವೂ ಅಲ್ಲೇ ಇದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ನೋಡಿದವರು ಇಲ್ಲಿಗೂ ಒಮ್ಮೆ ಹೋಗಿ ಬನ್ನಿ. ಹೊಸದಾಗಿ ಬರುವ ಕನ್ನಡಿಗರಿಗೆ ನನ್ನ ಆಯ್ಕೆ ತುರ್ರಿಯಾಲ್ಬಾ ಅಥವಾ ಪೆರೆಸ್ ಸೆಲೆದೋನ್. ಸಮುದ್ರ ಕಾಣುವ ಜಾಗ ಬೇಕು ಅಂತ ಹಟ ಹಿಡಿದವರು ಸಾಮಾನ್ಯವಾಗಿ ತೋಟಕ್ಕೆ ಆಗದ ಜಾಗಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ.

ಹಂತ 2: ವೀಸಾ, ನಿವಾಸ, ದುಡ್ಡು

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕು. ದೆಹಲಿಯಲ್ಲಿ ಕೋಸ್ಟಾರಿಕಾ ರಾಯಭಾರ ಕಚೇರಿ ಇದೆ. ಅಮೆರಿಕದಂಥ ಕೆಲವು ದೇಶಗಳ ವೀಸಾ ಅಥವಾ ನಿವಾಸ ಪರವಾನಗಿ ಇದ್ದರೆ ಷರತ್ತಿನ ಮೇಲೆ ವಿನಾಯಿತಿ ಇದೆ. ಟಿಕೆಟ್ ಮಾಡಿಸುವ ಮುಂಚೆ ಆಗಿನ ನಿಯಮ ಓದಿಕೊಳ್ಳಿ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ಪ್ರವಾಸಿಯಾಗಿ 180 ದಿನದವರೆಗೆ ಇರಲು ಅವಕಾಶವಿದೆ.

ನೆಲೆಸಲು ಮೂರು ದಾರಿ ಹೆಚ್ಚು ಬಳಕೆಯಲ್ಲಿವೆ. ಪಿಂಚಣಿ ಬರುವವರು ತಿಂಗಳಿಗೆ ಕನಿಷ್ಠ 1,000 ಡಾಲರ್ ಪಿಂಚಣಿ ತೋರಿಸಬೇಕು. ಬೇರೆ ಆದಾಯ ಇರುವವರು ತಿಂಗಳಿಗೆ 2,500 ಡಾಲರ್‌ನಂತೆ ಎರಡು ವರ್ಷದ್ದು ತೋರಿಸಬೇಕು. ತುಂಬಾ ಜನ 60,000 ಡಾಲರ್ ಬ್ಯಾಂಕಿನಲ್ಲಿಟ್ಟು ಇದನ್ನು ಪೂರೈಸುತ್ತಾರೆ. ಮೂರನೆಯದು ಹೂಡಿಕೆಯ ದಾರಿ. 2021ರ ಕಾನೂನು ಇದರ ಮಿತಿಯನ್ನು 2,00,000 ಡಾಲರ್‌ನಿಂದ 1,50,000ಕ್ಕೆ ಇಳಿಸಿತು. ಆ ಕಾನೂನಿನ ಸವಲತ್ತಿಗೆ ಐದು ವರ್ಷದ ಗಡುವಿತ್ತು, ಆದ್ದರಿಂದ ಅರ್ಜಿ ಹಾಕುವ ದಿನ ಮೊತ್ತ ಎಷ್ಟಿದೆ ಅಂತ ವಕೀಲರನ್ನು ಕೇಳಿ. ಮೂರು ವರ್ಷ ತಾತ್ಕಾಲಿಕ ನಿವಾಸದ ಮೇಲೆ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು.

ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್ ಇವೆಲ್ಲಕ್ಕೂ ಊರು ಬಿಡುವ ಮೊದಲೇ ಅಪೋಸ್ಟಿಲ್, ಅಂದರೆ ಪತ್ರ ಅಸಲಿ ಅಂತ ಬೇರೆ ದೇಶ ಒಪ್ಪುವ ಸರ್ಕಾರಿ ಮುದ್ರೆ, ಮಾಡಿಸಿ. ಎರಡೂ ದೇಶ ಅಪೋಸ್ಟಿಲ್ ಒಪ್ಪಂದದಲ್ಲಿವೆ, ಹಾಗಾಗಿ ಅಷ್ಟೇ ಸಾಕು. ಆಮೇಲೆ ಇಲ್ಲಿ ಅಧಿಕೃತ ಅನುವಾದಕರಿಂದ ಸ್ಪ್ಯಾನಿಷ್‌ಗೆ ಮಾಡಿಸಬೇಕು. ಪೊಲೀಸ್ ಪತ್ರ ಆರು ತಿಂಗಳಿಗಿಂತ ಹಳೆಯದಾಗಿದ್ದರೆ ತೊಂದರೆ, ಅದನ್ನು ಕೊನೆಗೆ ಮಾಡಿಸಿ. ಪತ್ರಗಳಲ್ಲಿ ಹೆಸರು ಒಂದೇ ರೀತಿ ಇದೆಯಾ ಅಂತ ನೋಡಿ. ನಮ್ಮಲ್ಲಿ ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಅಪ್ಪನ ಹೆಸರು ಇರುತ್ತದೆ. ಇಲ್ಲಿ ಎಲ್ಲರಿಗೂ ಎರಡು ಕುಲನಾಮ, ಅವರ ಕಂಪ್ಯೂಟರಿಗೆ ಇನಿಷಿಯಲ್ ಅರ್ಥವಾಗುವುದಿಲ್ಲ.

ಭಾರತದಿಂದ ದುಡ್ಡು ತರುವವರಿಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ಮಾರ್ಚ್, ಏಪ್ರಿಲ್ ಲೆಕ್ಕ ಹಾಕಿ ಎರಡು ಕಂತಿನಲ್ಲಿ ಕಳಿಸುವವರಿದ್ದಾರೆ. ಆದಾಯದ ಮೂಲದ ಕಾಗದವೆಲ್ಲ ಇಟ್ಟುಕೊಳ್ಳಿ, ಇಲ್ಲಿಯ ಬ್ಯಾಂಕಿನವರು ಕೇಳಿಯೇ ಕೇಳುತ್ತಾರೆ. ನಿವಾಸದ ಕಾರ್ಡ್ ಕೈಗೆ ಬಂದ ಮೇಲೆ ಪೂರ್ತಿ ಖಾತೆ, ಅದರ ಜೊತೆ ಸಿನ್ಪೆ ಮೋವಿಲ್. ನಮ್ಮ ಯುಪಿಐ ಥರ ಫೋನ್ ನಂಬರಿಗೇ ದುಡ್ಡು ಹಾಕುವ ವ್ಯವಸ್ಥೆ ಅದು. ಸಂತೆಯ ತರಕಾರಿಯವರೂ ತೆಗೆದುಕೊಳ್ಳುತ್ತಾರೆ.

ಹಂತ 3: ಬಾಡಿಗೆಯ ವರ್ಷದಲ್ಲಿ ಏನು ಮಾಡಬೇಕು

ವಿದೇಶಿಯರು ಪ್ರವಾಸಿಯಾಗಿದ್ದಾಗಲೇ ಇಲ್ಲಿ ಜಮೀನು ಕೊಳ್ಳಬಹುದು. ಕಾನೂನು ಇಷ್ಟು ಸಲೀಸಾಗಿದೆ ಅಂತಲೇ ಅವಸರ ಬೇಡ ಅನ್ನುತ್ತಿದ್ದೇನೆ.

ಸ್ಪ್ಯಾನಿಷ್ ಕಲಿಯಿರಿ. ಹಳ್ಳಿಯಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ಇಂಗ್ಲಿಷ್ ಬಲ್ಲವರು ಮಾತ್ರ ನಿಮ್ಮ ಜೊತೆ ಮಾತಾಡುವ ಪರಿಸ್ಥಿತಿ ಬಂದರೆ ಅವರು ಹೇಳಿದ ಬೆಲೆಯೇ ನಿಮಗೆ ಬೆಲೆ. ಅಕ್ಟೋಬರ್‌ನಲ್ಲಿ ರಸ್ತೆ ನೋಡಿ. ಜಲ್ಲಿ ಹಾಕಿದ ಕಡಿದಾದ ರಸ್ತೆ ಬೇಸಿಗೆಯಲ್ಲಿ ಚಂದ, ಮಳೆಯಲ್ಲಿ ಅರ್ಧ ರಸ್ತೆ ಹಳ್ಳದ ಪಾಲಾಗಿರುತ್ತದೆ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ನೀರು ನೋಡಿ. ನಡುವಿನ ತಿಂಗಳುಗಳಲ್ಲಿ ಅಕ್ಕಪಕ್ಕದ ತೋಟಗಳಿಗೆ ಹೋಗಿ, ಹಣ್ಣು ಕೊಯ್ಯುವ ದಿನ ಜೊತೆಗೆ ನಿಲ್ಲಿ, ಸಂತೆಯಲ್ಲಿ ಯಾವುದು ಎಷ್ಟಕ್ಕೆ ಹೋಗುತ್ತದೆ ಅಂತ ಬರೆದಿಡಿ. ಅಳತೆಯೂ ಅಭ್ಯಾಸವಾಗಲಿ. ಒಂದು ಹೆಕ್ಟೇರ್ ಸುಮಾರು ಎರಡೂವರೆ ಎಕರೆ. ಹಳಬರು ಮನ್ಸಾನಾ ಲೆಕ್ಕದಲ್ಲಿ ಮಾತಾಡುತ್ತಾರೆ, ಅದು ಹತ್ತಿರ ಹತ್ತಿರ 1 ಎಕರೆ 29 ಗುಂಟೆ.

ಹಂತ 4: ನೀರು

ಇದೊಂದನ್ನು ನಿಧಾನವಾಗಿ ಓದಿ.

ಊರಲ್ಲಿ ಗುಡ್ಡದ ಒರತೆಗೆ ಪೈಪ್ ಹಾಕಿ ಅಬ್ಬಿ ನೀರು ಮನೆಗೆ ತಂದುಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಇಲ್ಲಿ 1942ರ ನೀರಿನ ಕಾನೂನಿನ ಕಾಲದಿಂದಲೂ ನೀರು ಸಾರ್ವಜನಿಕ ಆಸ್ತಿ. ನಿಮ್ಮ ಜಮೀನಿನೊಳಗೆ ಹುಟ್ಟಿದ ಒರತೆಯಾದರೂ ತೋಟಕ್ಕೆ ನೀರು ಹಾಯಿಸಲು ಪರಿಸರ ಸಚಿವಾಲಯದ ನೀರಿನ ಇಲಾಖೆಯಿಂದ ಅನುಮತಿ ಬೇಕು. ಬೋರ್‌ವೆಲ್‌ಗೂ ಅನುಮತಿ ಬೇಕು.

ಒರತೆಯ ಸುತ್ತ ಇನ್ನೊಂದು ಕಾನೂನಿದೆ. 1996ರ ಅರಣ್ಯ ಕಾನೂನು, ಸಂಖ್ಯೆ 7575, ಕಾಯಂ ಒರತೆಯ ಸುತ್ತ 100 ಮೀಟರ್ ಜಾಗವನ್ನು ರಕ್ಷಿತ ಅನ್ನುತ್ತದೆ. ಹಳ್ಳ, ಹೊಳೆಯ ಎರಡೂ ದಡದಲ್ಲಿ ಹಳ್ಳಿ ಕಡೆ 15 ಮೀಟರ್, ಇಳಿಜಾರಾದರೆ 50 ಮೀಟರ್. ಅಲ್ಲಿ ಮರ ಕಡಿಯುವ ಹಾಗಿಲ್ಲ. ಒರತೆಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ಅಂದರೆ ಮೂರು ಹೆಕ್ಟೇರ್‌ಗಿಂತ ಜಾಸ್ತಿ ಜಾಗ. ಎರಡು ಒರತೆ, ಒಂದು ಹಳ್ಳ ಇರುವ ಐದು ಹೆಕ್ಟೇರ್ ಜಮೀನನ್ನು "ನೀರಿನ ಸಮೃದ್ಧಿ" ಅಂತ ಮಾರುತ್ತಾರೆ. ನಿಮಗೆ ಕೃಷಿಗೆ, ಮನೆಗೆ ಉಳಿಯುವ ಜಾಗ ಎಷ್ಟು ಅಂತ ನಕ್ಷೆಯ ಮೇಲೆ ಗೆರೆ ಎಳೆದು ನೋಡಿ. ಕಾಡು ಇರುವ ಜಾಗವನ್ನು ಕಡಿದು ತೋಟ ಮಾಡುವುದಕ್ಕೂ ಇದೇ ಕಾನೂನು ತಡೆ ಹಾಕಿದೆ. ಈ ಕಾನೂನಿನಿಂದ ನನಗೆ ಬೇಸರವಿಲ್ಲ. ಒಂದು ಕಾಲದಲ್ಲಿ ಹುಲ್ಲುಗಾವಲಿಗೆಂದು ಕಾಡು ಕಡಿದ ದೇಶವಿದು. ಈಗ ಬೆಟ್ಟದ ಹಸಿರು ಮತ್ತೆ ಕಾಣುತ್ತಿದೆ ಅಂದರೆ ಅದಕ್ಕೆ ಇಂಥ ಕಾನೂನುಗಳೂ ಕಾರಣ.

ಮನೆಗೆ ಕುಡಿಯುವ ನೀರು ಹೆಚ್ಚಿನ ಹಳ್ಳಿಗಳಲ್ಲಿ ಅಸಾದಾ ಎಂಬ ಊರಿನ ನೀರಿನ ಸಮಿತಿಯಿಂದ ಬರುತ್ತದೆ. ಇಂಥ ಸಮಿತಿಗಳು ದೇಶದಲ್ಲಿ ಸಾವಿರಕ್ಕೂ ಜಾಸ್ತಿ ಇವೆ. ಊರಿನವರೇ ನಡೆಸುತ್ತಾರೆ. ಈ ಸಮಿತಿ "ನೀರು ಕೊಡಬಲ್ಲೆವು" ಅಂತ ಪತ್ರ ಕೊಡದಿದ್ದರೆ ಪುರಸಭೆಯವರು ಮನೆ ಕಟ್ಟಲು ಪರವಾನಗಿ ಕೊಡುವುದಿಲ್ಲ. ಪಕ್ಕದ ಮನೆಗೆ ನಲ್ಲಿ ಇದೆ ಅಂದ ಮಾತ್ರಕ್ಕೆ ನಿಮಗೂ ಸಿಗುತ್ತದೆ ಅಂತಲ್ಲ. ಆ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಮಾರುವವರು "ಆಮೇಲೆ ಮಾಡಿಸಿಕೊಳ್ಳಬಹುದು" ಅಂದರೆ ಅಲ್ಲಿಂದ ಎದ್ದು ಬನ್ನಿ.

ಕಾಗದ ಆಯಿತು, ಇನ್ನು ಕಣ್ಣಲ್ಲಿ ನೋಡುವುದು. ಏಪ್ರಿಲ್‌ನಲ್ಲಿ ಮಳೆ ಬರುವ ಮುಂಚೆ ಒಂದು 20 ಲೀಟರ್ ಬಕೆಟ್, ಒಂದು ತುಂಡು ಪೈಪ್ ಹಿಡಿದು ಒರತೆಯ ಹತ್ತಿರ ಹೋಗಿ. ಕಲ್ಲು, ಮಣ್ಣು ಕೂರಿಸಿ ನೀರೆಲ್ಲ ಪೈಪಿನ ಬಾಯಿಗೆ ಬರುವಂತೆ ಮಾಡಿ. ಕದಡಿದ ನೀರು ತಿಳಿಯಾಗುವವರೆಗೆ ಕಾಯಿರಿ. ಆಮೇಲೆ ಬಕೆಟ್ ಇಟ್ಟು ಫೋನಿನಲ್ಲಿ ಸೆಕೆಂಡ್ ನೋಡಿ. 40 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 30 ಲೀಟರ್, ದಿನಕ್ಕೆ 43,200 ಲೀಟರ್. ಹತ್ತು ನಿಮಿಷ ಹಿಡಿದರೆ ದಿನಕ್ಕೆ 2,880 ಲೀಟರ್. ಮನೆಗೆ ಸಾಕು, ತೋಟಕ್ಕೆ ಏನೇನೂ ಸಾಲದು. ಮೂರು ಸಲ ಅಳೆಯಿರಿ. ಅಕ್ಟೋಬರ್‌ನಲ್ಲಿ ಅಳೆದ ನೀರಿನ ಲೆಕ್ಕ ಲೆಕ್ಕವೇ ಅಲ್ಲ.

ನೀರಿನ ಮೇಲುಗಡೆ ಏನು ಬೆಳೆಯುತ್ತಾರೆ ಅನ್ನುವುದನ್ನೂ ನೋಡಿ. ಸಿಕಿರ್ರೆಸ್ ಹತ್ತಿರದ ಎಲ್ ಕಾಯ್ರೊ, ಮಿಲಾನೊ ಮೊದಲಾದ ಹಳ್ಳಿಗಳ ಕುಡಿಯುವ ನೀರಿನಲ್ಲಿ ಅನಾನಸ್ ತೋಟಗಳಿಗೆ ಹೊಡೆಯುವ ಬ್ರೊಮಾಸಿಲ್ ಕಳೆನಾಶಕ ಸೇರಿ, ಜನ ವರ್ಷಗಟ್ಟಲೆ ಟ್ಯಾಂಕರ್ ನೀರು ಕುಡಿಯಬೇಕಾಯಿತು. ಸರ್ಕಾರ 2017ರಲ್ಲಿ ಬ್ರೊಮಾಸಿಲ್ ನಿಷೇಧಿಸಿತು. ಕಾರ್ತಾಗೊ ಕಡೆ ತರಕಾರಿ ಬೆಳೆಯುವ ಗುಡ್ಡಗಳ ಒರತೆಯಲ್ಲಿ ಕ್ಲೋರೊಥಲೊನಿಲ್ ಶಿಲೀಂಧ್ರನಾಶಕದ ಉಳಿಕೆ ಸಿಕ್ಕಿತು. 2023ರಲ್ಲಿ ಅದಕ್ಕೂ ನಿಷೇಧ ಬಂತು. ಹಾಗಾಗಿ ಒಂದು ಸಲ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವ ಖರ್ಚು ದೊಡ್ಡದಲ್ಲ.

ಹಂತ 5: ಜಮೀನಿನ ಕಾಗದ

ಪಹಣಿ, ಮ್ಯುಟೇಶನ್, ಇ.ಸಿ. ತೆಗೆಸಿ ಅಭ್ಯಾಸವಿರುವವರಿಗೆ ಇಲ್ಲಿಯ ವ್ಯವಸ್ಥೆ ಹಗುರ ಅನ್ನಿಸುತ್ತದೆ. ರಾಷ್ಟ್ರೀಯ ನೋಂದಣಿ ಕಚೇರಿಯಲ್ಲಿ ಪ್ರತಿ ಜಮೀನಿಗೆ ಒಂದು ನಂಬರ್. ಆ ನಂಬರ್ ಹಾಕಿದರೆ ಮಾಲೀಕರು ಯಾರು, ಸಾಲ ಇದೆಯಾ, ದಾವೆ ಇದೆಯಾ ಎಲ್ಲ ಆನ್‌ಲೈನಿನಲ್ಲೇ ಕಾಣುತ್ತದೆ. ಅದರ ಜೊತೆ ನೋಂದಾಯಿತ ಸರ್ವೆ ನಕ್ಷೆ, ಪ್ಲಾನೊ ಕತಾಸ್ತ್ರಾದೊ. ಎರಡೂ ಹೊಂದಬೇಕು. ನಿಮ್ಮದೇ ಸರ್ವೆಯವರನ್ನು ಕರೆದು ಗಡಿ ನಡೆದು ನೋಡಿ. ಕ್ರಯಪತ್ರ ಮಾಡುವುದು ನೋಟರಿ ಅಧಿಕಾರ ಇರುವ ವಕೀಲರು ಮಾತ್ರ. ಮಾರುವವರ ವಕೀಲರನ್ನೇ ಹಂಚಿಕೊಳ್ಳಬೇಡಿ, ನಿಮ್ಮದೇ ಒಬ್ಬರು ಇರಲಿ. ವರ್ಗಾವಣೆ ತೆರಿಗೆ 1.5 ಶೇಕಡಾ, ವರ್ಷದ ಆಸ್ತಿ ತೆರಿಗೆ ಬೆಲೆಯ 0.25 ಶೇಕಡಾ.

ನಾಲ್ಕು ಥರದ ಜಮೀನಿಂದ ದೂರ ಇರಿ. ಸಮುದ್ರದ ಅಂಚಿನ ಮೊದಲ 200 ಮೀಟರ್: 50 ಮೀಟರ್ ಪೂರ್ತಿ ಸಾರ್ವಜನಿಕ, ಉಳಿದ 150 ಮೀಟರ್‌ನಲ್ಲಿ ಗುತ್ತಿಗೆ ಮಾತ್ರ, ಅದೂ ಐದು ವರ್ಷ ವಾಸ ಮಾಡದ ವಿದೇಶಿಯರಿಗೆ ಸಿಗುವುದಿಲ್ಲ. ಮೂಲನಿವಾಸಿಗಳ ಪ್ರದೇಶದ ಜಮೀನು: ಅದನ್ನು ಹೊರಗಿನವರಿಗೆ ಮಾರುವುದನ್ನು 1977ರ ಕಾನೂನು ತಡೆದಿದೆ, ಅದು ಅವರ ನೆಲ. ನೋಂದಣಿ ಇಲ್ಲದ, ಬರೀ ಅನುಭೋಗದ ಜಮೀನು. ಇನ್ನೊಬ್ಬರ ತೋಟದ ಮೂಲಕ ಹೋಗಬೇಕಾದ, ಆದರೆ ದಾರಿ ಹಕ್ಕು ನೋಂದಣಿಯಾಗದ ಜಮೀನು. ಕೊನೆಯದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಈಗಿನ ಮಾಲೀಕರು ಆ ದಾರಿಯಲ್ಲಿ ಆರಾಮಾಗಿ ಓಡಾಡುತ್ತಿರುತ್ತಾರೆ.

ಕೊಂಡ ಮೇಲೆ ಬೀಗ ಹಾಕಿ ಊರಿಗೆ ಹೋಗಿ ಕೂರಬೇಡಿ. ಹತ್ತು ವರ್ಷ ಇನ್ನೊಬ್ಬರು ಅನುಭವಿಸಿದರೆ ಹಕ್ಕು ಕೇಳುವ ಅವಕಾಶ ಇಲ್ಲಿಯ ಕಾನೂನಿನಲ್ಲಿದೆ. ನೋಡಿಕೊಳ್ಳಲು ಜನ ಇಟ್ಟರೆ ಬರವಣಿಗೆಯಲ್ಲಿ ಒಪ್ಪಂದ ಇರಲಿ.

ಹಂತ 6: ಬೇಲಿ, ಗಿಡ, ಇರುವೆ

ಮೊದಲ ಮಳೆಗಾಲಕ್ಕೆ ಜೀವಂತ ಬೇಲಿ ಸಾಕು. ಪೊರೊ, ಅಂದರೆ ಹಾಲುವಾಣದ ಬಳಗದ ಮರ. ಮದೆರೊ ನೇಗ್ರೊ, ಅಂದರೆ ನಮ್ಮ ಗೊಬ್ಬರದ ಗಿಡ, ಗ್ಲಿರಿಸಿಡಿಯಾ. ಎರಡು ಮೀಟರ್‌ಗಿಂತ ಉದ್ದದ, ಮುಂಗೈ ದಪ್ಪದ ಗೂಟ ಕಡಿದು, ಬುಡ ಓರೆಯಾಗಿ ಕೆತ್ತಿ, ತೊಗಟೆ ಜಜ್ಜದ ಹಾಗೆ ಗುಂಡಿಯಲ್ಲಿಳಿಸಿ ಮಣ್ಣು ಗಟ್ಟಿ ಮಾಡುತ್ತಾರೆ. ಮೇಲಿನ ತುದಿಯೂ ಓರೆ, ಮಳೆ ನೀರು ನಿಲ್ಲಬಾರದು. ಇಲ್ಲಿಯ ಹಳಬರು ಗೂಟ ಕಡಿಯುವುದು ಚಂದ್ರ ಕ್ಷೀಣಿಸುವ ದಿನಗಳಲ್ಲಿ. ಬಿದಿರು ಕಡಿಯಲು ನಮ್ಮಲ್ಲೂ ಅಮಾವಾಸ್ಯೆ ಹತ್ತಿರದ ದಿನ ನೋಡುತ್ತಾರಲ್ಲ, ಹಾಗೇ. ಚಿಗುರಿದ ಮೇಲೆ ಸೊಪ್ಪು ಸವರಿ ಗಿಡದ ಬುಡಕ್ಕೆ ಹಾಕಿ, ಅದೇ ಗೊಬ್ಬರ.

ಊರಲ್ಲಿ ಇಲ್ಲದ ಒಂದು ಜೀವಿ ಇಲ್ಲಿದೆ: ಸೊಂಪೊಪಾ, ಎಲೆ ಕತ್ತರಿಸುವ ಇರುವೆ. ರಾತ್ರಿ ಟಾರ್ಚ್ ಹಾಕಿ ನೋಡಿದರೆ ಉಗುರಿನಷ್ಟು ಎಲೆ ಚೂರುಗಳು ನೆಲದ ಮೇಲೆ ಸಾಲಾಗಿ ನಡೆದು ಹೋಗುತ್ತಿರುತ್ತವೆ. ಅದರ ದಾರಿಯಲ್ಲಿ ಹುಲ್ಲು ಸವೆದು ಸಣ್ಣ ಕಾಲುದಾರಿ ಬಿದ್ದಿರುತ್ತದೆ. ನಿನ್ನೆ ನೆಟ್ಟ ಕಿತ್ತಳೆ ಸಸಿಯಲ್ಲಿ ಬೆಳಿಗ್ಗೆ ಕಡ್ಡಿ ಮಾತ್ರ ಉಳಿದಿದ್ದರೆ ಅದು ಇವುಗಳ ಕೆಲಸ. ಆದ್ದರಿಂದ ಸಸಿ ತರುವ ಮೊದಲು ಗೂಡು ಹುಡುಕಿ. ಸಡಿಲ ಮಣ್ಣಿನ ದಿಬ್ಬ, ಅದರ ಮೇಲೆ ಹಲವು ಬಾಯಿ. ದಾರಿಯ ಪಕ್ಕ ಸಂಜೆ ಕಾಳಿನಂಥ ವಿಷಾಹಾರ ಇಡುತ್ತಾರೆ, ಮಳೆ ಬಂದರೆ ಅದು ಹಾಳು. ಎಳೆ ಸಸಿಯ ಕಾಂಡಕ್ಕೆ ಅಂಟು ಪಟ್ಟಿ ಸುತ್ತುವುದೂ ಉಂಟು.

ಇನ್ನು ಒಂದು ವಿನಂತಿ, ಮನಸ್ಸಿಟ್ಟು ಕೇಳಿ. ಊರಿಂದ ಬೀಜ, ಗೆಡ್ಡೆ, ಕರಿಬೇವಿನ ಸಸಿ, ಬಾಳೆ ಕಂದು ಯಾವುದನ್ನೂ ಪೆಟ್ಟಿಗೆಯಲ್ಲಿ ಅಡಗಿಸಿ ತರಬೇಡಿ. ಅನುಮತಿ ಇಲ್ಲದೆ ತರುವುದು ಅಪರಾಧ ಅನ್ನುವುದು ಒಂದು ಮಾತು. ಅದಕ್ಕಿಂತ ದೊಡ್ಡದು, ಬಾಳೆಗೆ ಬರುವ ಪನಾಮಾ ರೋಗದ ಟಿಆರ್4 ತಳಿ. ಅದು ಭಾರತದ ಕೆಲವು ರಾಜ್ಯಗಳಲ್ಲಿದೆ. ದಕ್ಷಿಣ ಅಮೆರಿಕದಲ್ಲಿ 2019ರಲ್ಲಿ ಕೊಲಂಬಿಯಾದಲ್ಲಿ, 2021ರಲ್ಲಿ ಪೆರುವಿನಲ್ಲಿ ಕಾಣಿಸಿಕೊಂಡಿತು. ಶೂಗೆ ಅಂಟಿದ ಮಣ್ಣಿನಲ್ಲೂ ಹರಡುತ್ತದೆ, ಒಮ್ಮೆ ನೆಲಕ್ಕೆ ಸೇರಿದರೆ ದಶಕಗಟ್ಟಲೆ ಹೋಗುವುದಿಲ್ಲ. ಬಾಳೆಯೇ ಜೀವನವಾದ ಸಾವಿರಾರು ಕುಟುಂಬಗಳು ಇಲ್ಲಿವೆ. ತೋಟದಲ್ಲಿ ಹಾಕಿದ ಚಪ್ಪಲಿ, ಬೂಟು ಊರಲ್ಲೇ ಬಿಟ್ಟು ಬನ್ನಿ, ಇಲ್ಲಿ ಹೊಸದು ಕೊಳ್ಳಿ. ಕರಿಬೇವೂ ಅಷ್ಟೇ: ನಿಂಬೆ, ಕಿತ್ತಳೆಯ ಹಸಿರು ರೋಗ ಹರಡುವ ಕೀಟ ಅದರ ಮೇಲೆ ಬೆಳೆಯುತ್ತದೆ.

ಹಂತ 7: ಕಾಫಿ ಮಾಡುವುದಾದರೆ

ನಮ್ಮಲ್ಲಿ ಹಣ್ಣು ಕೊಯ್ದು, ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿ ಇಲ್ಲವೇ ಹಾಗೇ ಕಣದಲ್ಲಿ ಒಣಗಿಸಿ, ರೇಟು ಬರುವವರೆಗೆ ಗೋದಾಮಿನಲ್ಲಿಟ್ಟು ಕಾಯುತ್ತೇವೆ. ಇಲ್ಲಿ ಹೆಚ್ಚಿನವರು ಕೊಯ್ದ ಹಣ್ಣನ್ನು ಅದೇ ದಿನ ರಸ್ತೆ ಬದಿಯ ಕೇಂದ್ರಕ್ಕೆ ಕೊಟ್ಟುಬಿಡುತ್ತಾರೆ. ಅಲ್ಲಿಂದ ಅದು ಬೆನೆಫಿಸಿಯೊ ಎಂಬ ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ. ತೂಕ ಇಲ್ಲ, ಪೆಟ್ಟಿಗೆಯ ಅಳತೆ: 20 ಲೀಟರಿಗೆ ಒಂದು ಕಾಹ್ವೇಲಾ, 20 ಕಾಹ್ವೇಲಾಕ್ಕೆ ಒಂದು ಫನೇಗಾ. ಒಂದು ಫನೇಗಾ ಹಣ್ಣಿಂದ ಸುಮಾರು 46 ಕಿಲೋ ಕಾಫಿ ಬೀಜ ಬರುತ್ತದೆ. ಕೊಟ್ಟಾಗ ಮುಂಗಡ, ಆಮೇಲೆ ಕಂತು, ಕೊನೆಯ ಲೆಕ್ಕ ಘಟಕದ ಮಾರಾಟ ಮುಗಿದ ಮೇಲೆ. ಈ ಇಡೀ ಲೆಕ್ಕವನ್ನು 1933ರಲ್ಲಿ ಶುರುವಾದ ಇಕಾಫೆ ಎಂಬ ಕಾಫಿ ಸಂಸ್ಥೆ ಪರಿಶೀಲಿಸುತ್ತದೆ. ಸಣ್ಣ ಬೆಳೆಗಾರರಿಗೆ ಇದು ಒಳ್ಳೆಯ ರಕ್ಷಣೆ, ಆದರೆ ದುಡ್ಡು ಪೂರ್ತಿ ಕೈ ಸೇರಲು ವರ್ಷ ಬೇಕು. ಮೊದಲ ವರ್ಷದ ಖರ್ಚಿಗೆ ಕಾಫಿಯ ದುಡ್ಡು ನಂಬಬೇಡಿ.

ರೊಬಸ್ಟಾ ಬೆಳೆದು ಅನುಭವ ಇದ್ದವರಿಗೆ ಒಂದು ಮಾತು. 1980ರ ದಶಕದ ಕೊನೆಯಲ್ಲಿ ಇಲ್ಲಿ ರೊಬಸ್ಟಾ ಬೆಳೆಯುವುದನ್ನೇ ನಿಷೇಧಿಸಿದ್ದರು. 2018ರಲ್ಲಿ ನಿಷೇಧ ತೆಗೆದರು, ಆದರೂ ದೇಶ ಅರೇಬಿಕಾದ್ದೇ. ಹಳೆಯ ತೋಟ ಕೊಳ್ಳುವುದಾದರೆ ತಳಿ ಕೇಳಿ. ಕತುರ್ರಾ, ಕತುವಾಯಿ ಗಿಡಗಳಿಗೆ ಎಲೆ ತುಕ್ಕು ರೋಗ ಬೇಗ ಹಿಡಿಯುತ್ತದೆ. 2012-13ರಲ್ಲಿ ಮಧ್ಯ ಅಮೆರಿಕದ ತೋಟಗಳನ್ನು ಬರಿದು ಮಾಡಿದ್ದು ಇದೇ. ಅಡಿಕೆಗೆ ಇಲ್ಲಿ ಮಾರುಕಟ್ಟೆ ಇಲ್ಲ, ಆ ಯೋಚನೆ ಬಿಡಿ.

ಕೊಯ್ಲಿಗೆ ಬರುವವರಲ್ಲಿ ನಿಕರಾಗ್ವಾದವರು, ಪನಾಮಾದ ನ್ಗೊಬೆ-ಬುಗ್ಲೆ ಸಮುದಾಯದವರು ತುಂಬಾ ಇದ್ದಾರೆ. ಕುಟುಂಬ ಸಮೇತ ಬರುತ್ತಾರೆ. ಕಾಹ್ವೇಲಾಕ್ಕೆ ಕನಿಷ್ಠ ಕೂಲಿ ಸರ್ಕಾರ ನಿಗದಿ ಮಾಡುತ್ತದೆ. ಉಳಿಯಲು ಒಣ ಜಾಗ, ಶೌಚಾಲಯ, ಕುಡಿಯುವ ನೀರು ಇಲ್ಲದೆ ಯಾರನ್ನೂ ಕರೆಯಬೇಡಿ. ಕಾಯಂ ಕೆಲಸದವರಿಗೆ ಸಾಮಾಜಿಕ ಭದ್ರತೆ, ಅಂದರೆ ಕಾಹಾದಲ್ಲಿ ನೋಂದಣಿ ಕಡ್ಡಾಯ. ಮಾಲೀಕರ ಪಾಲು ಸಂಬಳದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಕೆಲಸದಲ್ಲಿ ಗಾಯವಾದರೆ ವಿಮೆ ಬೇರೆ, ಅದೂ ಕಡ್ಡಾಯ. ಡಿಸೆಂಬರ್ 20ರೊಳಗೆ ಹದಿಮೂರನೇ ತಿಂಗಳ ಸಂಬಳ ಕೊಡಬೇಕು. ಕೂಲಿಯ ಲೆಕ್ಕ ಹಾಕುವಾಗ ಇದನ್ನೆಲ್ಲ ಸೇರಿಸಿಯೇ ಹಾಕಿ. ಇದರಲ್ಲಿ ಉಳಿತಾಯ ಹುಡುಕುವವರು ತೋಟ ಮಾಡದಿರುವುದೇ ಒಳ್ಳೆಯದು.

ಹಂತ 8: ಮನೆ, ಅಡುಗೆ, ಹಾವು

ಇಲ್ಲಿ ಭೂಕಂಪ ಸಾಮಾನ್ಯ. 1991ರ ಲಿಮೋನ್ ಭೂಕಂಪದ ತೀವ್ರತೆ 7.5ಕ್ಕೂ ಮೇಲಿತ್ತು. ಮನೆಯ ನಕ್ಷೆಗೆ ನೋಂದಾಯಿತ ಎಂಜಿನಿಯರ್ ಸಹಿ ಬೇಕೇ ಬೇಕು. ಊರಿನ ಥರ ಕಲ್ಲು ಪೇರಿಸಿ, ಮೇಲೆ ಭಾರದ ಹೆಂಚು ಹಾಕುವ ಆಸೆ ಬೇಡ; ತಗಡಿನ ಚಾವಣಿ, ಅಗಲವಾದ ಸೂರು, ಸುತ್ತ ಜಗುಲಿ ಚೆನ್ನಾಗಿ ಒದಗುತ್ತದೆ.

ಕರೆಂಟ್ 120 ವೋಲ್ಟ್, 60 ಹರ್ಟ್ಸ್. ಊರಿನ ಮಿಕ್ಸಿ, ಗ್ರೈಂಡರ್ ಕೆಲಸ ಮಾಡುವುದಿಲ್ಲ. ಅಮೆರಿಕದಲ್ಲಿ ಸಿಗುವ 110 ವೋಲ್ಟಿನ ಮಿಕ್ಸಿ, ಗ್ರೈಂಡರ್ ತರಿಸಿಕೊಳ್ಳಿ. ಉದ್ದಿನಬೇಳೆ, ಇಂಗು ಹಳ್ಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಉಳಿದದ್ದಕ್ಕೆ ಸಂಕಟವಿಲ್ಲ. ವಾರದ ಕೊನೆಯ ರೈತ ಸಂತೆಯಲ್ಲಿ ಸೀಮೆಬದನೆ, ಮರಗೆಣಸು, ಕೆಸುವಿನ ಗೆಡ್ಡೆ, ಬಾಳೆಕಾಯಿ, ತೆಂಗಿನಕಾಯಿ ಎಲ್ಲ ಇರುತ್ತದೆ. ಕೆರಿಬಿಯನ್ ಕಡೆಯಾದರೆ ಜೀಗುಜ್ಜೆಯೂ ಸಿಗುತ್ತದೆ. ಅಚ್ಚು ಬೆಲ್ಲಕ್ಕೆ ತಾಪಾ ದೆ ದುಲ್ಸೆ ಅಂತ ಕೇಳಿ. ಅದನ್ನು ಹಾಕಿ ಮಾಡಿದ ಪಾಯಸಕ್ಕೆ ಊರಿನದೇ ರುಚಿ.

ಉಂಬಳದ ಕಾಟ ಇಲ್ಲ, ಆದರೆ ತೆರ್ಸಿಯೊಪೆಲೊ ಇದೆ. ಮಂಡಲದ ಹಾವಿನ ಬಳಗದ್ದು, ತರಗೆಲೆಯ ಬಣ್ಣ. ಇಲ್ಲಿ ಹಾವು ಕಚ್ಚುವ ಪ್ರಕರಣಗಳಲ್ಲಿ ಅದರದೇ ದೊಡ್ಡ ಪಾಲು. ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ಇಲ್ಲದೆ ತೋಟಕ್ಕೆ ಇಳಿಯಬೇಡಿ, ಎಲ್ಲರೂ ಹಾಕುತ್ತಾರೆ. ಗೊನೆ ಕಡಿಯುವಾಗ, ಒಣ ಎಲೆ ಎಳೆಯುವಾಗ ಮೊದಲು ಕೋಲಿನಿಂದ ಕೆದಕಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಅಲ್ಲಾಡದೆ ಕೂರಿಸಿ, 911ಕ್ಕೆ ಫೋನ್ ಮಾಡಿ, ನೇರ ಆಸ್ಪತ್ರೆಗೆ. ಔಷಧ ದೇಶದಲ್ಲೇ ತಯಾರಾಗುತ್ತದೆ. ಕೋಸ್ಟಾರಿಕಾ ವಿಶ್ವವಿದ್ಯಾಲಯದ ಕ್ಲೊದೊಮಿರೊ ಪಿಕಾದೊ ಸಂಸ್ಥೆ 1970ರಿಂದ ಈ ಕೆಲಸ ಮಾಡುತ್ತಿದೆ. ತೋಟದಿಂದ ಹತ್ತಿರದ ಆಸ್ಪತ್ರೆಗೆ ಮಳೆಯ ರಾತ್ರಿಯಲ್ಲಿ ಎಷ್ಟು ಹೊತ್ತು ಬೇಕು ಅಂತ ಜಮೀನು ಕೊಳ್ಳುವ ಮೊದಲೇ ಒಮ್ಮೆ ಗಾಡಿ ಓಡಿಸಿ ನೋಡಿ.

ಹಂತ 9: ಊರಿನವರ ಜೊತೆ

ಹಿರಿಯರನ್ನು ಹೆಸರಿಗೆ ಮೊದಲು ದೋನ್, ದೋನ್ಯಾ ಸೇರಿಸಿ ಕರೆಯಿರಿ. ಎಲ್ಲರಿಗೂ ಬಹುವಚನದ ಮರ್ಯಾದೆ ಕೊಟ್ಟು ಮಾತಾಡುವ ಊರು ಇದು, ಮಕ್ಕಳಿಗೂ. ದಾರಿಯಲ್ಲಿ ಸಿಕ್ಕವರಿಗೆ ನಮಸ್ಕಾರ ಹೇಳದೆ ಹೋದರೆ ಒರಟು ಅಂದುಕೊಳ್ಳುತ್ತಾರೆ. ವಿಳಾಸಕ್ಕೆ ಬೀದಿ ಹೆಸರಿಲ್ಲ. "ಚರ್ಚಿನಿಂದ 200 ಮೀಟರ್ ಉತ್ತರ, ಎಡಕ್ಕೆ ಹಸಿರು ಗೇಟು" ಅನ್ನುವುದೇ ವಿಳಾಸ. ಹಾಗಾಗಿ ನಿಮ್ಮ ಮನೆ ಎಲ್ಲಿದೆ ಅನ್ನುವುದು ಪಕ್ಕದವರಿಗೆ ಗೊತ್ತಿದ್ದರೆ ಮಾತ್ರ ಉಳಿದವರಿಗೂ ಗೊತ್ತಾಗುತ್ತದೆ. ಮಕ್ಕಳಿದ್ದರೆ ಶಾಲೆಯ ವರ್ಷ ಫೆಬ್ರವರಿಯಿಂದ ಡಿಸೆಂಬರ್. ಸರ್ಕಾರಿ ಶಾಲೆ ಉಚಿತ, ಪಾಠ ಸ್ಪ್ಯಾನಿಷಿನಲ್ಲಿ.

ಅಸಾದಾದ ವಾರ್ಷಿಕ ಸಭೆಗೆ ಮೊದಲ ವರ್ಷದಿಂದಲೇ ಹೋಗಿ, ಬಾಡಿಗೆಗಿದ್ದರೂ ಸರಿ, ಸುಮ್ನೆ ಹಿಂದೆ ಕೂತು ಕೇಳಿ. ಎಲ್ಲಿ ನೀರು ಕಡಿಮೆಯಾಗುತ್ತಿದೆ, ಯಾರ ಜಮೀನಿನ ಮೇಲೆ ತಕರಾರಿದೆ, ಯಾವ ಗುಡ್ಡ ಜಾರುತ್ತಿದೆ, ಎಲ್ಲ ಅಲ್ಲಿ ಮಾತಿಗೆ ಬರುತ್ತದೆ. ಮಳೆಯಲ್ಲಿ ಊರಿನ ಪೈಪ್ ಒಡೆದು ಜನ ದುರಸ್ತಿಗೆ ಹೊರಟರೆ ನೀವೂ ಗುದ್ದಲಿ ಹಿಡಿದು ಜೊತೆಗೆ ನಡೆಯಿರಿ. ಮಾರಾಟಕ್ಕಿರುವ ಒಳ್ಳೆಯ ಜಮೀನಿನ ಸುದ್ದಿ ಬೋರ್ಡ್ ಹಾಕುವ ಮೊದಲು ಹೋಗುವುದು ಅಂಥವರ ಕಿವಿಗೇ.